ಎಡಗಡೆಯ ಬೆಸುಗೆ

ಆ ಗಾಡಿಯ ಎಡಗಡೆಯ ಬೆಸುಗೆ ಹಾಕಿದವನು ನಾನು, ಮಿಲಿಂದಣ್ಣ ಅಲ್ಲ. ಒಂಬತ್ತು ವರ್ಷದಿಂದ ನಮ್ಮ ಊರು ಅದನ್ನು ಅವರ ಕೈತಪ್ಪು ಎಂದೇ ನಂಬಿದೆ. ಹೋದ ವಾರದವರೆಗೆ ಅವರೂ ಹಾಗೆಯೇ ನಂಬಿದ್ದರು. ನಂಬಿಸಿದವನು ನಾನು — ಅದಕ್ಕೆ ಬಹಳ ಕಷ್ಟವನ್ನೂ ಪಡಲಿಲ್ಲ. ಒಂದು ಸಲ ಸುಳ್ಳು ಹೇಳಿದೆ, ಉಳಿದ ದಿನವೆಲ್ಲ ಬಾಯಿ ಮುಚ್ಚಿಕೊಂಡಿದ್ದೆ, ಅಷ್ಟೇ.

ಮಿಲಿಂದಣ್ಣನಿಗೆ ಕಾಗವಾಡದಿಂದ ಮಂಗಸೂಳಿಗೆ ಹೋಗುವ ದಾರಿಯಲ್ಲಿ ಒಂದು ತಗಡಿನ ಶೆಡ್ಡು ಇತ್ತು, ಅದರಲ್ಲಿ ವೆಲ್ಡಿಂಗ್ ಅಂಗಡಿ. ದ್ರಾಕ್ಷಿ ಚಪ್ಪರದ ಕಬ್ಬಿಣದ ಕಂಬ, ಬಾವಿಯ ಮೋಟಾರಿನ ಸ್ಟ್ಯಾಂಡು, ಮನೆಯ ಗೇಟು — ಎಲ್ಲ ಮಾಡುತ್ತಿದ್ದರು. ಆದರೆ ಅವರ ಹೆಸರು ನಿಂತದ್ದು ಕಬ್ಬಿನ ಟ್ರಾಲಿಯ ಹುಕ್ಕಿನ ಮೇಲೆ. ಎರಡು ಟ್ರಾಲಿ ಕಬ್ಬು ಎಳೆಯುವ ಟ್ರ್ಯಾಕ್ಟರು ಏರು ಹತ್ತುವಾಗ ಹುಕ್ಕು ಕಳಚಿದರೆ ಹಿಂದೆ ಬರುವವರ ಗತಿ ಹೇಳಬೇಕಾಗಿಲ್ಲ. ಹಂಗಾಮು ಶುರುವಾಗುವ ಮೊದಲು ಡ್ರೈವರುಗಳು ಅವರ ಶೆಡ್ಡಿನ ಮುಂದೆ ಸಾಲು ಹಚ್ಚುತ್ತಿದ್ದರು. ಬೇರೆ ಕೆಲಸಕ್ಕೆ ಯಾರ ಬಳಿಯಾದರೂ ಹೋಗುವ ನಮ್ಮ ಅಪ್ಪ ಕೂಡ ಹುಕ್ಕಿಗೆ ಮಾತ್ರ ಅವರ ಹತ್ತಿರವೇ ಕಳಿಸುತ್ತಿದ್ದರು.

ಆಗ ನನಗೆ ಇಪ್ಪತ್ತೇಳು. ಬಿ.ಎಸ್ಸಿ. ಮುಗಿಸಿ ಅಪ್ಪನ ದ್ರಾಕ್ಷಿ ತೋಟ ನೋಡಿಕೊಂಡಿದ್ದೆ — ನೋಡಿಕೊಂಡಿದ್ದೆ ಅನ್ನುವುದೂ ದೊಡ್ಡ ಮಾತೇ. ಮೊಬೈಲಿನಲ್ಲಿ ವಿಡಿಯೋ ನೋಡಿ ಬಾಬರ್ ಎನ್ನುವ ನಮೂನೆಯ ಮೋಟಾರ್ ಬೈಕಿನ ಹುಚ್ಚು ಹಿಡಿಯಿತು. ಹಿಂದಿನ ಸೀಟು ಕಿತ್ತು, ಮಡ್‌ಗಾರ್ಡು ಅರ್ಧಕ್ಕೆ ಕೊಯ್ದು, ಒಂಟಿ ಸೀಟು, ದಪ್ಪ ಟೈರು, ನೆಲಕ್ಕೆ ಹತ್ತಿದ ಹಾಗೆ ಕೂತ ಗಾಡಿ. ನಿಪ್ಪಾಣಿಯಲ್ಲಿ ಒಬ್ಬರ ಮನೆಯ ಹಿಂದೆ ತುಕ್ಕು ಹಿಡಿದು ನಿಂತಿದ್ದ ಹಳೆಯ ಬುಲೆಟ್ ತಂದೆ. ಬಿಚ್ಚಿದೆ. ಬಿಚ್ಚುವುದು ಯಾರಿಗಾದರೂ ಬರುತ್ತದೆ. ಸೀಟಿಲ್ಲದ, ಬೆನ್ನು ಬೋಳಾದ ಗಾಡಿ ನೋಡಿ ಅಪ್ಪ, "ಇದೇನಲೇ, ಬಾಲ ಕೊಯ್ದ ಎತ್ತ ಕಟ್ಟೀದಿ?" ಅಂದರು. ನಾನು ನಕ್ಕೆ. ನೋಡುತ್ತಿರಿ, ಇದನ್ನು ಪೂರ್ತಿ ನನ್ನ ಕೈಯಿಂದಲೇ ಕಟ್ಟುತ್ತೇನೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಆ ಮಾತೇ ಮುಂದೆ ಕುತ್ತಿಗೆಗೆ ಬಂತು.

ಬಾಬರ್ ಚಂದ ಕಾಣಬೇಕಾದರೆ ಕುಲುಕು ತಡೆಯುವ ಹಿಂದಿನ ಶಾಕಪ್ ಎರಡೂ ತೆಗೆಯಬೇಕು, ಆ ಜಾಗದಲ್ಲಿ ಗಟ್ಟಿ ಪೈಪು ಕೂಡಿಸಬೇಕು. ಅಂದರೆ ಕೂತವನ ಭಾರ, ರಸ್ತೆಯ ತಗ್ಗುದಿಣ್ಣೆ, ಎಲ್ಲ ಆ ಎರಡು ಪೈಪಿನ ಬೆಸುಗೆಯ ಮೇಲೆ. ಇದನ್ನು ನನಗೆ ಬಿಡಿಸಿ ಹೇಳಿದವರು ಮಿಲಿಂದಣ್ಣ. ಹನ್ನೆರಡು ದಿನ ನನ್ನನ್ನು ತಮ್ಮ ಶೆಡ್ಡಿನಲ್ಲಿ ಕೂರಿಸಿಕೊಂಡು ಬೆಸುಗೆ ಕಲಿಸಿದರು. ಮೋಟು ತಗಡಿನ ಮೇಲೆ ಗೆರೆ ಎಳೆದು ಎಳೆದು ನನಗೆ ಬೇಸರ ಬಂತು, ಅವರಿಗೆ ಬರಲಿಲ್ಲ. ಆದರೆ ಆ ಎರಡು ಪೈಪು ಕೂಡಿಸುವ ದಿನ ನನ್ನ ಕೈಯಿಂದ ವೆಲ್ಡಿಂಗ್ ಕಡ್ಡಿ ಇಸಿದುಕೊಂಡರು. "ಇದೊಂದು ನನಗ ಬಿಡ್ರಿ ಸಾವಕಾರ್ರ. ಉಳಿದದ್ದು ನೀವು ಏನ ಬೇಕಾದ್ದು ಮಾಡ್ರಿ." ಬೆಸುಗೆ ಆರಿದ ಮೇಲೆ ಅದರ ಉಬ್ಬನ್ನು ಬೆರಳಿನಿಂದ ತೋರಿಸಿ ಹೇಳಿದರು: "ಇದನ್ನ ಗ್ರೈಂಡರ್ ಹಚ್ಚಿ ತಿಕ್ಕಬ್ಯಾಡ್ರಿ. ಕಣ್ಣಿಗೆ ಚಂದ ಆಗತೈತಿ, ಜೀವ ಹೋಗತೈತಿ."

ಮನೆಗೆ ತಂದು ಚಕ್ರ ಕೂಡಿಸಿದಾಗ ಹಿಂದಿನ ಚಕ್ರ ಮುಂದಿನದರ ಸಾಲಿಗೆ ಬರಲಿಲ್ಲ, ಒಂದು ಬೆರಳು ಓರೆ. ತಪ್ಪು ನನ್ನದು. ಗಾಡಿ ಸೈಡ್ ಸ್ಟ್ಯಾಂಡಿನ ಮೇಲೆ ವಾಲಿ ನಿಂತಿದ್ದಾಗ ಅಳತೆ ತೆಗೆದುಕೊಟ್ಟಿದ್ದೆ. ಹೊಸಬರು ಮಾಡುವ ತಪ್ಪು. ತಿರುಗಿ ಶೆಡ್ಡಿಗೆ ಒಯ್ದಿದ್ದರೆ ಅರ್ಧ ದಿನದ ಕೆಲಸ — ಒಯ್ಯಲಿಲ್ಲ. ಹನ್ನೆರಡು ದಿನ ಕಲಿತವನಿಗೆ ಇಷ್ಟೂ ಬಾರದೇ ಎಂಬ ಜಂಬ. ಎಡಗಡೆಯ ಪೈಪಿನ ಬೆಸುಗೆಯನ್ನು ನಾನೇ ಕೊಯ್ದೆ, ತೋಟದ ತಂತಿಕಂಬಕ್ಕೆ ಬಳಸುವ ಸಣ್ಣ ಮಷಿನ್ನಿನಿಂದ ನಾನೇ ಮತ್ತೆ ಕೂಡಿಸಿದೆ. ಕೋಳಿ ಕೆದರಿದ ಹಾಗೆ ಬಂತು. ಎಡಗಡೆಗೆ ಸೈಲೆನ್ಸರಿನ ಮರೆಯಿಲ್ಲ, ಎಲ್ಲರಿಗೂ ಕಾಣುತ್ತದೆ. ಹೀಗಾಗಿ ಗ್ರೈಂಡರ್ ಹಚ್ಚಿ ನುಣ್ಣಗೆ ತಿಕ್ಕಿದೆ, ತಗ್ಗಿಗೆ ಪುಟ್ಟಿ ಮೆತ್ತಿ ತುಂಬಿದೆ, ಕರಿ ಬಣ್ಣ ಹೊಡೆದೆ. ಬಹಳ ಚಂದ ಕಂಡಿತು. ಮಿಲಿಂದಣ್ಣನಿಗೆ ಹೇಳಲಿಲ್ಲ.

ನಮ್ಮ ಕಡೆ ಹೊಸ ಗಾಡಿ ಮೊದಲು ಮಂಗಸೂಳಿಯ ಮಲ್ಲಯ್ಯನ ಗುಡಿಗೆ ಹೋಗಬೇಕು. ಭಂಡಾರ ಎನ್ನುವ ಅರಿಸಿನದ ಪುಡಿ ಹಚ್ಚಬೇಕು. ಹಚ್ಚಿದ ಭಂಡಾರವನ್ನು ಯಾರೂ ಒರೆಸುವುದಿಲ್ಲ, ತಾನಾಗಿ ಉದುರಿ ಹೋಗುವವರೆಗೆ ಗಾಡಿ ತೊಳೆಯುವುದೂ ಇಲ್ಲ. ಒಂದು ರವಿವಾರ ಬೆಳಿಗ್ಗೆ ಗಾಡಿ ಒಯ್ದೆ. ಗುಡಿಯ ಹೊರಗೆ ನಿಲ್ಲಿಸಿ ಕಾಯಿ ಒಡೆಯಲು ಬಗ್ಗಿದಾಗ ಕಂಡಿತು — ಎಡಗಡೆಯ ಬೆಸುಗೆಯ ಮೇಲೆ ಬಣ್ಣ ಕೂದಲೆಳೆಯಷ್ಟು ಸೀಳಿತ್ತು. ಮನೆಯಿಂದ ಗುಡಿಗೆ ಬರುವಷ್ಟರಲ್ಲೇ.

ಅಷ್ಟು ಹೊತ್ತಿಗೆ ಗೆಳೆಯರು, ಭಾವಂದಿರು, ಫೋಟೋ ಹೊಡೆಯುವವರು, ಎಲ್ಲ ನೆರೆದಿದ್ದರು. ಮಿಲಿಂದಣ್ಣನನ್ನೂ ನಾನೇ ಕರೆದಿದ್ದೆ. ಅವರು ಬುದ್ಧನನ್ನು ನಂಬುವವರು, ಗುಡಿಯೊಳಗೆ ಬರುವುದಿಲ್ಲ, ಚಹಾದ ಅಂಗಡಿಯ ಹತ್ತಿರ ನಿಂತಿದ್ದರು. ಈಚೆ ಬಂದರೆ ಮೊದಲು ನೋಡುವುದು ಬೆಸುಗೆಯನ್ನೇ, ಅದು ನನಗೆ ಗೊತ್ತಿತ್ತು. ಹಿಡಿ ತುಂಬ ಭಂಡಾರ ತೆಗೆದುಕೊಂಡು ಎಣ್ಣೆ ಬೆರೆಸಿ ಆ ಸೀಳಿನ ಮೇಲೆ ದಪ್ಪಗೆ ಮೆತ್ತಿದೆ. ಬಲಗಡೆಗೂ ಮೆತ್ತಿದೆ, ಸಂಶಯ ಬರಬಾರದು ಎಂದು.

ಅವರು ಬಂದರು. ಜೇಬಿನಿಂದ ಬಟ್ಟೆ ತೆಗೆದು ಎಡಗಡೆಗೆ ಬಗ್ಗಿದರು. "ಜಾಯಿಂಟ್ ಒಮ್ಮಿ ನೋಡ್ಲೇನ್ರಿ? ಓಡಿಸಿದ ಮ್ಯಾಲ ನೋಡೂದು ಚಲೋ."

"ಭಂಡಾರ ಹಚ್ಚೀನಲ್ರಿ ಮಿಲಿಂದಣ್ಣ," ಅಂದೆ.

ಅವರ ಕೈ ಅಲ್ಲೇ ನಿಂತಿತು. ಸುತ್ತ ನಿಂತವರನ್ನು ಒಮ್ಮೆ ನೋಡಿದರು. ಬಟ್ಟೆ ಮಡಚಿ ಜೇಬಿಗೆ ಹಾಕಿಕೊಂಡರು. ಅವರ ಓಣಿಯಿಂದ ಬಂದವನೊಬ್ಬ, ಆ ಗುಡಿಯ ಮುಂದೆ, ಅಷ್ಟು ಜನರೆದುರಿಗೆ, ನಮ್ಮ ದೇವರ ಭಂಡಾರ ಒರೆಸುವುದಿಲ್ಲ — ಒರೆಸಿದರೆ ಏನಾಗುತ್ತದೆ ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ನಾನು ಮರೆಯಾಗಿ ಬಳಸಿದ್ದು ಭಂಡಾರವನ್ನಲ್ಲ, ಆ ಹೆದರಿಕೆಯನ್ನು. ಅವರ ಜಾತಿಯನ್ನು ನಾನು ಎಂದೂ ಎಣಿಸಿದವನಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಬೇಕಾದಾಗ ಬೇಕಾದಷ್ಟೇ ಎಣಿಸಿದೆ.

ಬರುವ ವಾರ ಬಿಚ್ಚಿ ಸರಿ ಮಾಡಿದರಾಯಿತು ಅಂದುಕೊಂಡಿದ್ದೆ. ನಾಲ್ಕನೆಯ ದಿನ ಅಥಣಿ ರಸ್ತೆಯಲ್ಲಿ ಒಂದು ಸ್ಪೀಡ್ ಬ್ರೇಕರಿನ ಮೇಲೆ ಎಡಗಡೆಯ ಪೈಪು ಕಳಚಿತು, ಚಕ್ರ ಓರೆಯಾಗಿ ಕಚ್ಚಿಕೊಂಡಿತು, ನಾನು ರಸ್ತೆಯ ಮಗ್ಗುಲಿಗೆ ಬಿದ್ದೆ. ಮೊಣಕಾಲ ಕೆಳಗೆ ಎರಡು ಕಡೆ ಮುರಿಯಿತು. ಮಿರಜಿನ ಆಸ್ಪತ್ರೆಗೆ ಒಯ್ದರು. ಪ್ರಜ್ಞೆ ತಪ್ಪಿರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆ ಎಂದರೆ, ಆಮೇಲೆ ನಾನು ಆಡಿದ್ದೆಲ್ಲ ತಿಳಿದೇ ಆಡಿದ್ದು.

ಅಪ್ಪ ಮಂಚದ ಹತ್ತಿರ ಬಗ್ಗಿ ಕೇಳಿದರು. "ಆ ಮಿಲ್ಯಾ ಮಾಡಿದ್ದೇನಲೇ ಆ ವೆಲ್ಡಿಂಗು?"

"ಹೂಂ. ಅವಂದ," ಅಂದೆ.

ಅದೇ ಆ ಸುಳ್ಳು. ಹನ್ನೆರಡು ದಿನ ನನಗೆ ಕಲಿಸಿದವರನ್ನು ಅಪ್ಪನ ಮುಂದೆ 'ಅವನು' ಎಂದೆ, ಅದೂ ಸಲೀಸಾಗಿ ಬಾಯಿಗೆ ಬಂತು. ಜೊತೆಗೆ ಇನ್ನೊಂದು ಮಾತು: ಗಾಡಿಯನ್ನು ನಮ್ಮ ಶೆಡ್ಡಿನಲ್ಲಿ ಇಟ್ಟು ಕೀಲಿ ಹಾಕಿ, ಯಾರಿಗೂ ಮುಟ್ಟಗೊಡಬೇಡಿ. ಮುರಿದ ಜಾಗ ಒಮ್ಮೆ ಕಂಡರೆ ಅದು ತಮ್ಮ ಕೈಯದಲ್ಲ ಎಂದು ಮಿಲಿಂದಣ್ಣನಿಗೆ ಆ ಕ್ಷಣದಲ್ಲೇ ತಿಳಿಯುತ್ತಿತ್ತು.

ಮೂರನೆಯ ದಿನ ಅವರು ಆಸ್ಪತ್ರೆಗೆ ಬಂದರು. ಮೋಸಂಬಿ ತಂದಿದ್ದರು. ಬಹಳ ಹೊತ್ತು ಬಾಗಿಲಲ್ಲೇ ನಿಂತರು. ಮನಸ್ಸು ತುಂಬಿ ಬಂದಾಗ ಅವರಿಗೆ ಕನ್ನಡ ಹೋಗಿ ಮನೆಯ ಮರಾಠಿ ಬರುತ್ತದೆ. "ಮಾಝಾ ಹಾತ್ ಚುಕಲಾ," ಅಂದರು. ನನ್ನ ಕೈ ತಪ್ಪಿತು. ಆಮೇಲೆ ಮೆಲ್ಲಗೆ ಕೇಳಿದರು, "ಮುರದದ್ದು ಒಮ್ಮಿ ತೋರಸ್ತೀರೇನ್ರಿ? ಎಲ್ಲಿ ತಪ್ಪೇನಿ ಅಂತ ನನಗ ತಿಳೀಬೇಕು."

ನಾನು ಏನು ಮಾಡಿದೆ ಗೊತ್ತೇ? ಅವರನ್ನು ಕ್ಷಮಿಸಿದೆ. "ನೋಡಿ ಏನ ಮಾಡ್ತೀರಿ, ಬಿಡ್ರಿ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ. ಆಗಿದ್ದು ಆತು," ಅಂದೆ. ಅವರು ಕೈ ಮುಗಿದರು, ಕಣ್ಣಲ್ಲಿ ನೀರು ಇತ್ತು. ಪಕ್ಕದ ಮಂಚದವರ ಮಗಳು ನನ್ನ ದೊಡ್ಡ ಮನಸ್ಸನ್ನು ಹೊಗಳಿದಳು. ಕೇಳಿ ಹಿತವೂ ಆಯಿತು, ಇದನ್ನೂ ಹೇಳಿಬಿಡಬೇಕು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಅವಳೇ ವಾಸಿ, ನೆಲಕ್ಕೆ ಅದು ಕೇಳಿಸುವುದಿಲ್ಲ.

ಮುಂದಿನದನ್ನು ಯಾರೂ ಕೂತು ಗೊತ್ತು ಮಾಡಲಿಲ್ಲ. ಅಪ್ಪ ಹುಕ್ಕಿನ ಕೆಲಸ ಬೇರೆ ಕಡೆಗೆ ಒಯ್ದರು. ನಮ್ಮ ಮನೆಯವರೇ ಬಿಟ್ಟ ಮೇಲೆ ಅಕ್ಕಪಕ್ಕದವರೂ ಬಿಟ್ಟರು. "ಅವರ ಕೆಲಸ ಅಷ್ಟ ನೋಡ್ರಿ" ಅನ್ನುವವರಿಗೆ ಕಾರಣ ಬೇಕಾಗಿತ್ತು, ನಾನು ಒದಗಿಸಿದ್ದೆ. ಆದರೆ ಗಿರಾಕಿ ಹೋದದ್ದು ಆಮೇಲಿನ ಮಾತು, ಅದಕ್ಕೂ ಮೊದಲು ಅವರೇ ಕೈ ಬಿಟ್ಟಿದ್ದರು. ದೂರದ ತೆಲಸಂಗದಿಂದ ಯಾರೋ ಹುಕ್ಕು ತಂದರೆ, ಭಾರದ ಕೆಲಸ ನಾನು ಮಾಡುವುದಿಲ್ಲ ಎಂದು ತಿರುಗಿಸಿ ಕಳಿಸಿದರಂತೆ. ಒಂದೆರಡು ವರ್ಷ ಕಿಟಕಿಯ ಸರಳು, ತುಳಸಿಕಟ್ಟೆಯ ಜಾಲರಿ ಎಂದು ಎಳೆದರು. ಆಮೇಲೆ ಶೆಡ್ಡು ಮುಚ್ಚಿ, ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಗೇಟು ಕಾಯಲು ಸೇರಿದರು. ನಾನು ಎಲ್ಲವನ್ನೂ ಕೇಳುತ್ತಿದ್ದೆ. ಕಾಲು ಸರಿಹೋಗಿತ್ತು. ಮದುವೆಯಾಯಿತು. ತಪ್ಪಿಗೆ ಕಾಲು ಮುರಿದುಕೊಂಡೆನಲ್ಲ, ಅಲ್ಲಿಗೆ ತೀರಿತು — ಹೀಗೂ ಕೆಲವು ವರ್ಷ ಅಂದುಕೊಂಡೆ. ಆದರೆ ಮುರಿದದ್ದು ನನ್ನ ಕಾಲು. ಅದರಿಂದ ಅವರಿಗೇನು ಬಂತು?

ಹೋದ ವಾರ, ದೀಪಾವಳಿಯ ಮೊದಲಿನ ರೇಟಿಗೆ ನಮ್ಮ ಒಣದ್ರಾಕ್ಷಿ ಹೊರಗೆ ತೆಗೆಯೋಣ ಎಂದು ಟ್ರ್ಯಾಕ್ಟರ್ ತೆಗೆದುಕೊಂಡು ಆ ಕೋಲ್ಡ್ ಸ್ಟೋರೇಜಿಗೆ ಹೋದೆ. ಗೇಟು ತೆಗೆದ ಮಿಲಿಂದಣ್ಣ ನಮ್ಮ ಟ್ರಾಲಿಯ ಹುಕ್ಕನ್ನು ನೋಡಿದ ಕೂಡಲೇ, "ಇದು ಎಡಗಡೆ ಬಿಡಾಕತ್ತೈತ್ರಿ," ಅಂದರು. ಡ್ರೈವರ್ ಬಗ್ಗಿ ನೋಡಿದ, ನಿಜ. ಒಳಗೆ ವೆಲ್ಡಿಂಗ್ ಮಷಿನ್ ಇದೆಯಲ್ಲ, ನೀವೇ ಹಚ್ಚಿಬಿಡಿ ಕಾಕಾ, ಎಂದು ಕೇಳಿಕೊಂಡ. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು.

"ನನ್ನ ಕೈ ಬ್ಯಾಡೋ ತಮ್ಮಾ. ಸಾವಕಾರ್ರಿಗೆ ಗೊತ್ತೈತಿ."

ಸಿಟ್ಟಿನಿಂದ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ನನ್ನ ಕಡೆ ನೋಡಿ, ನನ್ನ ಕಾಲಿನ ಕಡೆ ನೋಡಿ, ನಾಚಿಕೊಂಡು ಹೇಳಿದರು. ಡ್ರೈವರನನ್ನು ಒಳಗೆ ಕಳಿಸಿ, ಅಲ್ಲೇ ಗೇಟಿನ ಹತ್ತಿರ ಎಲ್ಲ ಹೇಳಿದೆ. ಎಡಗಡೆ ಕೊಯ್ದದ್ದು, ಕೂಡಿಸಿದ್ದು, ಸೀಳು ಕಂಡದ್ದು, ಭಂಡಾರ ಯಾಕೆ ಮೆತ್ತಿದೆ ಎಂಬುದು ಕೂಡ.

ಅವರು ಮೊದಲು ಕೇಳಿದ್ದು: "ಕಡ್ಡಿ ಯಾವುದು ಬಳಸಿದ್ರಿ?"

ಹೇಳಿದೆ.

"ಮ್ಯಾಲ ತಿಕ್ಕಿದ್ರೇನು?"

"ಹೂಂರಿ. ತಿಕ್ಕಿದೆ."

ತಲೆಯಾಡಿಸಿದರು. ಕುರ್ಚಿಯ ಮೇಲೆ ಕೂತು ತಮ್ಮ ಕೈಯನ್ನು ಒಮ್ಮೆ ಈ ಕಡೆ ಒಮ್ಮೆ ಆ ಕಡೆ ತಿರುವಿ ನೋಡಿಕೊಂಡರು. "ನನ್ನ ಮಗ ಈ ಕೆಲಸ ಕಲೀತೀನಿ ಅಂತ ಗಂಟ ಬಿದ್ದಿದ್ದ. ಅವನ ಕೈ ಚಲೋ ಇತ್ತು. ನಾನ ಬ್ಯಾಡ ಅಂದೆ. ತಪ್ಪು ಕೈಲೆ ಕಲಿಸಿದ್ರ ನಾಳೆ ಯಾರದರ ಜೀವಕ್ಕ ಕುತ್ತು ಅಂತ... ಈಗ ಇಚಲಕರಂಜ್ಯಾಗ ಬಟ್ಟಿ ಅಂಗಡ್ಯಾಗ ಅದಾನ."

ಇದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮೊದಲೇ ಹೇಳುತ್ತಿದ್ದೆನೇ? ಹೇಳುತ್ತಿರಲಿಲ್ಲ ಅನಿಸುತ್ತದೆ. ಕ್ಷಮೆ ಕೇಳಲು ಬಾಯಿ ತೆರೆದೆ, ಅವರು ಕೈಯೆತ್ತಿ ತಡೆದರು.

"ಹೇಳಿದ್ದು ಚಲೋ ಆತ್ರಿ. ಆದ್ರ ನನಗೊಬ್ಬಂಗ ಹೇಳಿದ್ರ ಅದೂ ಮುಚ್ಚಿಟ್ಟಂಗ ಆತು. ನನ್ನ ಹೆಸರ ಹೋಗಿದ್ದು ಮಂದ್ಯಾಗ. ಮಂದ್ಯಾಗ ಹೇಳ್ರಿ."

ಅದಕ್ಕೇ ಇದನ್ನು ಬರೆದೆ. ಬಾಯಿಯಿಂದ ಹೇಳಲು ಹೊರಟರೆ ನಡುವೆ ಎಲ್ಲೋ ನನ್ನ ಪರವಾಗಿ ಒಂದು ಮಾತು ನುಸುಳುತ್ತದೆ, ನನ್ನ ಗುಣ ನನಗೆ ಗೊತ್ತು. ನಿನ್ನೆ ಅಪ್ಪನಿಗೆ ಓದಿ ಹೇಳಿದೆ. "ಇಷ್ಟ ವರ್ಷ ಆದ ಮ್ಯಾಲ ಇದ ಯಾಕ ಬೇಕಾಗಿತ್ತಲೇ ನಿನಗ?" ಅಂದರು. ನಾಳೆ ಬೆಳಿಗ್ಗೆ ಕಬ್ಬಿನ ಹಂಗಾಮಿನ ಮಾತುಕತೆಗೆ ಟ್ರಾಲಿಯವರೆಲ್ಲ ಸೊಸೈಟಿಯ ಮುಂದೆ ಸೇರುತ್ತಾರೆ. ಅಲ್ಲಿ ನಿಂತು ಒಂದಕ್ಷರ ಬಿಡದೆ ಓದುತ್ತೇನೆ. ಮಿಲಿಂದಣ್ಣನನ್ನೂ ಕರೆದಿದ್ದೆ. "ನಾ ಬಂದು ಏನ ಮಾಡ್ಲಿ, ನನಗ ಗೊತ್ತಾತಲ್ಲ," ಅಂದರು.

ಇಚಲಕರಂಜಿಯಿಂದ ಅವರ ಮಗ ಕೇಳಲು ಬರುತ್ತಿದ್ದಾನಂತೆ.