ಹಲಗೆಯ ಕೆಳಗಿನ ಜಾಯಿಂಟು

ಬ್ಯಾಟರಿಯ ಮೇಲೆ ಓಡುವ ಯಾವ ಸಾಮಾನು ಕೊಳ್ಳುವುದಿದ್ದರೂ ಭಾರ ಹಾಕಿ ನೋಡಿ ಕೊಳ್ಳಿ. ಬರಿದೇ ತಿರುಗಿಸಿ ತೋರಿಸುವವನನ್ನು ನಂಬಬೇಡಿ. ಹಾಗೆ ತಿರುಗಿಸಿ ತೋರಿಸಿದವನು ನಾನೇ, ಅದಕ್ಕೇ ಹೇಳುತ್ತಿದ್ದೇನೆ.

ಬಸವನ ಬಾಗೇವಾಡಿಯಲ್ಲಿ ನನ್ನದೊಂದು ಮೋಟರ್ ರಿವೈಂಡಿಂಗ್ ಅಂಗಡಿ. ಇನ್ನೊಬ್ಬರ ಅಂಗಡಿಯಲ್ಲಿ ಸುಟ್ಟ ಕಾಯಿಲ್ ಬಿಚ್ಚುತ್ತಾ ಬಿಚ್ಚುತ್ತಾ ಕಲಿತು ಸ್ವಂತದ್ದು ಹಾಕಿದೆ. ಈಗ ಇಂಡಿ, ಸಿಂದಗಿ ಕಡೆಯಿಂದಲೂ ಪಂಪು ಹೇರಿಕೊಂಡು ಬರುತ್ತಾರೆ. ಜೊತೆಗೆ ಹಳೆಯ ಸಾಮಾನು ಕೊಡಿಸುವ, ಮಾರಿಸುವ ದಂಧೆ. ಚೌಕಾಸಿಯಲ್ಲಿ ನಾನು ಸೋತದ್ದು ಕಡಿಮೆ.

ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯುವ ಗಂಡ ಹೆಂಡತಿಗೆ ಹಳೆಯ ಫೈಬರ್ ದೋಣಿಯೊಂದನ್ನು, ಅದಕ್ಕೊಂದು ಬ್ಯಾಟರಿ ಮೋಟರನ್ನು ಕೊಡಿಸಿದ್ದು ನಾನೇ. ಗಂಡನಿಗೆ ಹಿಂದೊಮ್ಮೆ ಬಿದ್ದು ಪೆಟ್ಟಾಗಿ ಬಲಗೈ ಭುಜದ ಮೇಲೆ ಏಳುತ್ತಿರಲಿಲ್ಲ. ಹುಟ್ಟು ಹಾಕಲಾಗದೆ ದಂಡೆಯಲ್ಲಿ ಕೂತಿದ್ದ. ದೋಣಿಯ ಹಿಂಬದಿಗೆ ಸಿಕ್ಕಿಸಿ, ನೀರೊಳಗೆ ಸಣ್ಣದೊಂದು ಪಂಖ ತಿರುಗಿಸುವ ಆ ಮೋಟರಿದ್ದರೆ ಎಡಗೈಯೊಂದೇ ಸಾಕು.

"ಬ್ಯಾಟರಿ ಮುಂದ ಇಡ್ರಿ, ಹಿಂದ ಮೀನಿನ ಬಲಿಗೆ ಜಾಗಾ ಆಗ್ತೈತಿ," ಎಂದು ಸಲಹೆ ಕೊಟ್ಟವನೂ ನಾನೇ. ಬ್ಯಾಟರಿ ಮುಂದೆ ಹೋದ ಮೇಲೆ ಉದ್ದ ವೈರು ಬೇಕಾಯಿತು. ಅಂಗಡಿಯಲ್ಲಿ ಪಂಪ್‌ಸೆಟ್ಟಿನ ವೈರಿನ ತುಂಡುಗಳು ಬಿದ್ದಿದ್ದವು. ಐದು ಎಚ್‌ಪಿ ಪಂಪಿಗೆ ಸಾಕಾಗುವ ವೈರು ಈ ಆಟಿಕೆಗೆ ಸಾಲದೇ ಎಂದುಕೊಂಡೆ. ತುಂಡುಗಳನ್ನು ಹೊಸೆದು, ಟೇಪು ಸುತ್ತಿ, ಹಲಗೆಯ ಕೆಳಗೆ ತಳ್ಳಿದೆ. ನಮ್ಮಂಥ ಪಂಪಿನವರು ಮಾಡುವ ತಪ್ಪೇ ಇದು. ಹನ್ನೆರಡು ವೋಲ್ಟಿನ ಮೋಟರು ಕರೆಂಟನ್ನು ಗಟಗಟ ಕುಡಿಯುತ್ತದೆ. ವೈರು ದಪ್ಪ ಇರಬೇಕು. ತೆಳುವಾದರೆ ಶಕ್ತಿ ದಾರಿಯಲ್ಲೇ ಸೋರಿಹೋಗುತ್ತದೆ.

ಕೆಲವು ತಿಂಗಳಿಗೆ ಮೋಟರಿನ ದಮ್ಮು ಹೋಯಿತು. ಕರೆದರು, ಹೋದೆ. ಅವತ್ತು ಮುದ್ದೇಬಿಹಾಳದಲ್ಲಿ ಒಂದು ಜನರೇಟರಿನ ವ್ಯಾಪಾರ ಕುದುರಿಸುವುದಿತ್ತು, ಗಡಿಬಿಡಿ. ದೋಣಿಯನ್ನು ನೀರಿಗೆ ತಳ್ಳುವಷ್ಟು ಪುರಸೊತ್ತಿಲ್ಲದೆ, ದಂಡೆಯ ಮೇಲೆಯೇ ಮೋಟರ್ ಚಾಲೂ ಮಾಡಿದೆ. ನೀರಿನ ಭಾರವಿಲ್ಲದ ಪಂಖ ಗರ್ರನೆ ತಿರುಗಿತು.

"ಮೋಟರಿಗೆ ಏನೂ ಆಗಿಲ್ಲ," ಎಂದೆ. "ನೀವು ಚಾರ್ಜ್ ಬರೋಬರಿ ಹಚ್ಚೂದಿಲ್ಲ."

"ದಿನಾ ಹಚ್ಚತೇನ್ರಿ," ಎಂದ ಗಂಡ.

ಹೆಂಡತಿ ಬಿಡಲಿಲ್ಲ. "ಮೊಬೈಲ್ ಹಚ್ಚೂದು ಮರಿಯಂಗಿಲ್ಲ ಇವರು, ಬ್ಯಾಟರಿ ಮರೀತಾರ. ಮೇಸ್ತ್ರಿಯವರೇನು ಸುಳ್ಳ ಹೇಳ್ತಾರ?"

ನಾನು ನಕ್ಕು ಬೈಕ್ ಹತ್ತಿದೆ.

ಆ ಮಳೆಗಾಲದಲ್ಲೊಂದು ದಿನ ನಡುನೀರಿನಲ್ಲಿ ಎದುರುಗಾಳಿ ಬಿದ್ದು ಮೋಟರ್ ನಿಂತೇ ಹೋಯಿತಂತೆ. ಬಲೆ ದೋಣಿಯನ್ನು ಓರೆಯಾಗಿ ಎಳೆಯತೊಡಗಿದಾಗ ಬಲೆಯನ್ನೇ ಕೊಯ್ದುಬಿಟ್ಟರು. ಹೆಂಡತಿ ಹುಟ್ಟು ಹಾಕಿ ದಂಡೆ ಮುಟ್ಟಿಸಿದಳು. ಅಂದಿನಿಂದ ಗಂಡ ದೋಣಿ ಹತ್ತಲಿಲ್ಲ. ಚಾರ್ಜ್ ಹಚ್ಚದೆ ಹೆಂಡತಿಯನ್ನು ಮುಳುಗಿಸಲು ಹೊರಟಿದ್ದ ಗಂಡ ಎಂದು ಊರೆಲ್ಲ ಆಡಿಕೊಂಡಿತು. ಆಕೆ ಒಬ್ಬಳೇ ಹುಟ್ಟು ಹಾಕಿಕೊಂಡು ನೀರಿಗಿಳಿಯುತ್ತಿದ್ದಳು, ಅವನು ದಂಡೆಯಲ್ಲಿ ಬಲೆ ಹೆಣೆಯುತ್ತಿದ್ದ.

ಹೋದ ವರ್ಷ ಅವನೇ ಫೋನ್ ಮಾಡಿದ. "ಮೋಟರಿಗೆ ಗಿರಾಕಿ ನೋಡ್ರಿ. ನನ್ನಂಥವರ ಕೈಯಾಗಿನ ಸಾಮಾನಲ್ಲ ಅದು."

ಗಿರಾಕಿ ಸಿಕ್ಕ. ಅವನು ಬಂದು ನೋಡುವಾಗ ಮರ್ಯಾದೆ ಹೋಗಬಾರದೆಂದು ಈ ಸಲ ಮೊದಲೇ ದೋಣಿಯನ್ನು ನೀರಿಗಿಳಿಸಿ ಮೀಟರ್ ಹಿಡಿದೆ. ನೋಡಿ, ಆ ಬಡವರಿಗಾಗಿ ಮಾಡದ ಕೆಲಸವನ್ನು ಗಿರಾಕಿಗಾಗಿ ಮಾಡಿದೆ. ಬೆಳಗಿನ ಹೊತ್ತು, ಹೆಂಡತಿ ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋಗಿದ್ದಳು. ಮೋಟರ್ ಬಂದ್ ಇದ್ದಾಗ ವೈರಿನ ಎರಡೂ ತುದಿಯಲ್ಲಿ ಹನ್ನೆರಡೂವರೆ ವೋಲ್ಟು. ಚಾಲೂ ಮಾಡಿದರೆ ಬ್ಯಾಟರಿಯ ಹತ್ತಿರ ಹನ್ನೆರಡು, ಮೋಟರಿನ ಹತ್ತಿರ ಒಂಬತ್ತು. ನಡುವಿನ ಮೂರು ಎಲ್ಲಿ ಹೋಯಿತೆಂದು ಹಲಗೆ ಎತ್ತಿದೆ. ನನ್ನ ಜಾಯಿಂಟು. ಟೇಪು ಕರಗಿತ್ತು, ತಾಮ್ರ ಹಸಿರುಗಟ್ಟಿತ್ತು. ಮುಟ್ಟಿದರೆ ಬೆರಳು ಚುರ್ರೆಂದಿತು.

ಇಲಿ ಕಡಿದಿದೆ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಗಂಡ ನನ್ನ ಬೆನ್ನ ಹಿಂದೆಯೇ ಬಗ್ಗಿ ನೋಡುತ್ತಿದ್ದ.

"ಇದನ್ನ ನೀವ ಹಾಕಿದ್ದಲ್ರಿ?"

"ಹೌದು."

"ಅಂದ್ರ ಚಾರ್ಜ್?"

"ಚಾರ್ಜ್ ಬರೋಬರಿ ಹಚ್ಚಿದ್ರಿ ನೀವು."

ಅವನು ದೋಣಿಯ ಅಂಚಿನ ಮೇಲೆ ಕೂತ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನನಗೆ ಬರುವುದು ಒಂದೇ ವಿದ್ಯೆ, ಚೌಕಾಸಿ, ಅದನ್ನೇ ಶುರುಮಾಡಿದೆ.

"ಅಣ್ಣಾ, ದಪ್ಪ ಕೇಬಲ್ ಹಾಕ್ತೇನಿ. ಹೊಸಾ ಬಲಿ ಕೊಡಸ್ತೇನಿ. ಇದು ನಮ್ಮಿಬ್ಬರೊಳಗ ಇರಲಿ."

"ಬಲಿ ನಾ ಹೆಣೀತೇನ್ರಿ. ಅಕಿ ಮುಂದ ಹೇಳ್ರಿ."

"ವೈನಿ ಊರ ತುಂಬ ಹೇಳ್ತಾಳ. ನನ್ನ ಅಂಗಡಿ ಹೆಸರು..."

"ನಂದೂ ಊರ ತುಂಬ ಹೇಳ್ಯಾಳ್ರಿ."

ಬೈಕ್ ಹತ್ತಿದೆ. ಆಲಮಟ್ಟಿಗೆ ಹೋಗಿ ವೆಲ್ಡಿಂಗ್ ಕೇಬಲ್ ತಂದೆ. ನಡುವೆ ಜಾಯಿಂಟಿಲ್ಲದೆ ಒಂದೇ ಉದ್ದ ಎಳೆದೆ, ತುದಿಗಳಿಗೆ ಬೋಲ್ಟಿಗೆ ಸಿಕ್ಕಿಸುವ ತಾಮ್ರದ ಲಗ್ಗು ಒತ್ತಿದೆ, ಬ್ಯಾಟರಿಯ ಪಕ್ಕ ಫ್ಯೂಸ್ ಕೂರಿಸಿದೆ. ಮತ್ತೆ ಚಾಲೂ ಮಾಡಿ ಅಳೆದರೆ ಮೋಟರಿನ ಹತ್ತಿರ ಹನ್ನೊಂದೂ ಮುಕ್ಕಾಲು. ಇಷ್ಟೇ ಕೆಲಸ. ಅರ್ಧ ದಿನವೂ ಹಿಡಿಯಲಿಲ್ಲ.

ಖಾಲಿ ಬುಟ್ಟಿ ಹಿಡಿದು ಹೆಂಡತಿ ಬಂದಳು. "ಗಿರಾಕಿ ಬಂದ್ರೇನ್ರಿ?"

"ಇಲ್ಲ ವೈನಿ. ಅದು... ಮೋಟರ್ ನಿಂತಿದ್ದಕ್ಕ ವೈರಿಂದೂ ಸ್ವಲ್ಪ ತಪ್ಪಿತ್ತು."

ಗಂಡ ನೆಲ ನೋಡುತ್ತಲೇ ಹೇಳಿದ, "ಸ್ವಲ್ಪ ಅಲ್ರಿ."

"ಅರ್ಧಾ ಅನ್ರಿ," ಎಂದೆ.

"ಅರ್ಧಾನೂ ಅಲ್ಲ."

ಇಷ್ಟು ವರ್ಷದ ವ್ಯಾಪಾರದಲ್ಲಿ ಎದುರಿನವನನ್ನು ಹೀಗೆ ಒಂದೊಂದೇ ಮೆಟ್ಟಿಲು ಹತ್ತಿಸಿದವನು ನಾನು. "ಪೂರಾ ನನ್ನ ತಪ್ಪು, ವೈನಿ," ಎಂದೆ. "ಸಣ್ಣ ವೈರ್ ಹಾಕಿ ಜಾಯಿಂಟ್ ಮಾಡಿದ್ದೆ. ಅವತ್ತ ನೀರಾಗ ಇಳಿಸಿ ನೋಡದನ ಇವರ ಮ್ಯಾಲೆ ಹಾಕಿ ಹೋದೆ. ಅಣ್ಣಾ ದಿನಾ ಚಾರ್ಜ್ ಹಚ್ಚಿದ್ದು ಖರೆ."

ಆಕೆ ನನ್ನನ್ನು ನೋಡಲಿಲ್ಲ. ಗಂಡನತ್ತ ತಿರುಗಿ, "ನೀವರ ಯಾಕ ಗಟ್ಟಿ ಹೇಳಲಿಲ್ಲ?" ಎಂದಳು.

"ಹೇಳಿದ್ನಲ್ಲ. ನೀ ಮೇಸ್ತ್ರಿ ಮಾತು ಕೇಳಿದಿ."

ಆಕೆ ಬುಟ್ಟಿಯನ್ನು ಕಲ್ಲಿನ ಮೇಲೆ ಬೋರಲು ಹಾಕಿದಳು. ನನ್ನ ತಪ್ಪಿನ ಭಾರ ಅವಳ ತಲೆಯ ಮೇಲೂ ಬಿದ್ದಿದೆ ಎಂದು ಆಗ ತಿಳಿಯಿತು. ನಾನು ಒಮ್ಮೆ ಆಡಿ ಮರೆತ ಮಾತನ್ನು ಅವಳು ದಿನಾ ಆಡಿದ್ದಳು.

"ಹತ್ರಿ," ಎಂದಳು ಗಂಡನಿಗೆ. ಅವನು ಹಿಂದೆ ಹೋಗಿ ಎಡಗೈಯಲ್ಲಿ ಮೋಟರಿನ ಹಿಡಿ ಹಿಡಿದ. ಆಕೆ ಹುಟ್ಟುಗಳನ್ನು ಎತ್ತಿ ನನ್ನ ಕೈಗೆ ಹಾಕಿದಳು.

"ನೀವೂ ಹತ್ರಿ. ನಡುನೀರಾಗ ನಿಂತ್ರ ಹುಟ್ಟ ಹಾಕೂದು ನೀವ."

ನನಗೆ ಈಜು ಬರುವುದಿಲ್ಲ. ಆದರೂ ಹತ್ತಿದೆ. ಗಾಳಿ ಎದುರಿನಿಂದಲೇ ಬೀಸುತ್ತಿತ್ತು. ಮೋಟರ್ ಒಂದೇ ಸಮ ಗುಯ್ಗುಡುತ್ತಿತ್ತು. ದಂಡೆ ಸಣ್ಣದಾಗಿ ಹಿಂದೆ ಉಳಿದ ಮೇಲೆ ಆಕೆ ನೀರಿನತ್ತ ಕೈ ಮಾಡಿ, "ಇಲ್ಲೇ ಬಲಿ ಕೊಯ್ದಿದ್ವಿ," ಎಂದಳು. ನನಗೆ ಹೇಳಿದಳೋ ಗಂಡನಿಗೋ ಗೊತ್ತಾಗಲಿಲ್ಲ. ಅವನು ವೇಗ ತಗ್ಗಿಸಲಿಲ್ಲ. ಬೇಕಾಗದೇ ಉಳಿದ ಹುಟ್ಟುಗಳನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೇ ಕೂತಿದ್ದೆ.