ಮೋಟಾರು ಮನೆಯ ಮಾಳಿಗೆ

ನನ್ನ ಗಂಡ ಊರೂರು ತಿರುಗಿ ಫೋಟೋ ತೆಗೆಯುತ್ತಿದ್ದರು. ಹೊಸಪೇಟೆಯಲ್ಲಿ ಓಡಿ ಸವೆದು ಮೂಲೆಗೆ ಬಿದ್ದಿದ್ದ ಒಂದು ಹಳೆಯ ಬಸ್ಸನ್ನು ಕೊಂಡು, ಸೀಟುಗಳನ್ನೆಲ್ಲ ಕಿತ್ತು, ಅದನ್ನೇ ಮನೆ ಮಾಡಿದ್ದರು. ಮುಂಭಾಗದಲ್ಲಿ ಮಲಗುವ ಹಲಗೆಗಳು, ನಡುವೆ ಅಡಿಗೆಯ ಸಾಮಾನು, ಹಿಂದೆ ಕಪ್ಪು ಬಟ್ಟೆ ಇಳಿಬಿಟ್ಟ ಕತ್ತಲೆ ಕೋಣೆ. ಫೋಟೋ ಮೂಡುವ ಗಾಜಿನ ಪ್ಲೇಟುಗಳನ್ನು ಅಲ್ಲಿ ತೊಳೆಯುತ್ತಿದ್ದೆವು. ಮದುವೆಯಾದ ವರ್ಷವೇ ನಾನು ಆ ಕೆಲಸ ಕಲಿತೆ. ಮಂಕು ಕೆಂಪು ದೀಪವೊಂದನ್ನು ಬಿಟ್ಟರೆ ಕತ್ತಲು, ಕೈಯಳತೆಯಿಂದಲೇ ಎಲ್ಲವನ್ನೂ ಮಾಡಬೇಕು. ನನಗೆ ಅದು ಒಗ್ಗಿತು.

ನಮ್ಮ ಜೊತೆ ಇದ್ದವರು ಅತ್ತೆ ಒಬ್ಬರೇ. ಪಾಪಿನಾಯಕನಹಳ್ಳಿಯಲ್ಲಿ ಹುಟ್ಟಿ ಬೆಳೆದವರು, ಮಣ್ಣಿನ ಮಾಳಿಗೆಯ ಮನೆಯಲ್ಲಿ ಬಾಳಿದವರು. ಬಸ್ಸಿನ ಮೇಲ್ಭಾಗವನ್ನೂ ಅವರು ಮಾಳಿಗೆ ಎಂದೇ ಕರೆಯುತ್ತಿದ್ದರು. ಮೊದಮೊದಲು ಚಕ್ರದ ಮೇಲಿನ ಮನೆಯಲ್ಲಿ ಅವರಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆಮೇಲೆ ಎಷ್ಟು ಹೊಂದಿಕೊಂಡರೆಂದರೆ, ಯಾವ ಊರಿಗೆ ಹೋದರೂ ಗಾಡಿ ನಿಂತ ಕೂಡಲೇ ಇಳಿದು ಬಾಗಿಲ ಮುಂದೆ ನೀರು ಹಾಕಿ ರಂಗೋಲಿ ಎಳೆಯುತ್ತಿದ್ದರು. ನಾವು ಒಂದೇ ದಿನ ನಿಲ್ಲುವುದಿದ್ದರೂ ಸರಿ, ರಂಗೋಲಿ ತಪ್ಪುತ್ತಿರಲಿಲ್ಲ.

ಅದು ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಬೇರೆ ಬಸ್ಸುಗಳಂತೆ ನಮ್ಮದೂ ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿತ್ತು. ಹಿಂದುಗಡೆ ದೊಡ್ಡ ಪೀಪಾಯಿಯಂಥ ಒಲೆ ಕಟ್ಟಿದ್ದರು. ಇದ್ದಿಲು ನೆನೆಯಬಾರದೆಂದು ಅದರ ಚೀಲಗಳನ್ನು ಒಳಗೇ ಇಟ್ಟುಕೊಳ್ಳುತ್ತಿದ್ದೆವು.

ಆ ವರ್ಷ ಮಳೆ ಹಿಡಿದಾಗ ನಾವು ಕಂಪ್ಲಿಯಲ್ಲಿದ್ದೆವು. ಮೊದಲ ಮಳೆಗೇ ಮಾಳಿಗೆ ಸೋರಿತು. ಹಲಗೆಗಳ ಮೇಲೆ ಕ್ಯಾನ್ವಾಸ್ ಬಿಗಿದು ಬಣ್ಣ ಬಳಿದ ಮಾಳಿಗೆ ಅದು. ನಡುವೆ ಗಾಳಿಗೆಂದು ತಗಡಿನ ಟೋಪಿ ಹಾಕಿದ ಎರಡು ಕಿಂಡಿಗಳಿದ್ದವು. ನೀರು ತೊಟ್ಟಿಕ್ಕಿದ್ದು ಕಿಂಡಿಗಳ ಹತ್ತಿರವೇ, ಅದೂ ಫೋಟೋ ಕಾಗದದ ಪೆಟ್ಟಿಗೆಯ ಮೇಲೆ. ಆ ದಿನಗಳಲ್ಲಿ ಆ ಕಾಗದ ಸಿಗುವುದೇ ದುಸ್ತರವಾಗಿತ್ತು. ನನ್ನವರು ಮಳೆ ನಿಲ್ಲುವುದನ್ನೇ ಕಾದು ಮೇಲೆ ಹತ್ತಿದರು. ಟೋಪಿಗಳು ತುಕ್ಕು ಹಿಡಿದಿದ್ದವು. ಅವನ್ನು ಕಿತ್ತೆಸೆದು, ಕಿಂಡಿಗಳ ಮೇಲೆ ತಗಡು ಹಾಸಿ ಮೊಳೆ ಹೊಡೆದು, ದಪ್ಪಗೆ ಡಾಂಬರು ಬಳಿದು ಇಳಿದು ಬಂದರು.

"ಒಳಗ ಧಗಿ ಆಗ್ತತಲ್ಲಪಾ," ಎಂದರು ಅತ್ತೆ.

"ಮಳಿಗಾಲ ಕಳೀಲಿ ಅವ್ವಾ. ಹೊಸಾ ಟೋಪಿ ಮಾಡಿಸಿ ಕುಂದ್ರಿಸ್ತೀನಿ," ಎಂದರು ಇವರು.

ಆಮೇಲೆ ಕೆಲವು ದಿನ ಮಳೆ ಬರಲಿಲ್ಲ. ಸೋರುವುದು ನಿಂತಿತು ಎಂದುಕೊಂಡೆವು.

ಕಂಪ್ಲಿಯಿಂದ ಸಂಡೂರಿಗೆ ಹೋದೆವು. ಅಲ್ಲಿ ಒಬ್ಬ ರೈತರು ತಮ್ಮ ಮನೆಮಂದಿಯೆಲ್ಲರ ಫೋಟೋ ತೆಗೆಸಬೇಕೆಂದು ಹೇಳಿಕಳಿಸಿದ್ದರು. ಗುಡ್ಡದ ಸೀಮೆ, ಮಂಜು ಕವಿದ ತಂಪು, ಬಿಟ್ಟುಬಿಟ್ಟು ಜಿಟಿಜಿಟಿ, ಮಾಳಿಗೆ ಸೋರುವಷ್ಟು ಜೋರಲ್ಲ. ಅತ್ತೆಗೆ ಮೊಣಕಾಲು ಹಿಡಿದುಕೊಂಡಿತ್ತು. ಊಟವಾದ ಮೇಲೆ ನಾವಿಬ್ಬರೂ ಕ್ಯಾಮೆರಾ ಹೊತ್ತು ರೈತರ ಮನೆಗೆ ಹೊರಟೆವು. ಅತ್ತೆ ಬಾಗಿಲಲ್ಲಿ ನಿಂತು, "ಪದರಾ ತಲಿ ಮ್ಯಾಲ ಹೊದ್ಕೊ, ನೆಗಡಿ ಆದೀತು," ಎಂದು ನನಗೆ ಹೇಳಿ ಒಳಗೆ ಹೋದರು. ಅವರು ನನಗೆ ಆಡಿದ ಕೊನೆಯ ಮಾತು ಅದು.

ಮಳೆ ಬಿಡುವು ಕೊಟ್ಟಾಗ ರೈತರ ಅಂಗಳದಲ್ಲಿ ಎಲ್ಲರನ್ನೂ ಕೂರಿಸಿ ಫೋಟೋ ತೆಗೆದೆವು. ಸಂಜೆಯಾಗುವ ಮುಂಚೆ ತಿರುಗಿ ಬಂದು ನೋಡಿದರೆ ಬಸ್ಸಿನ ಕಿಟಕಿಯ ಹಲಗೆಗಳೆಲ್ಲ ಮುಚ್ಚಿದ್ದವು. ಇರಚಲು ಹೊಡೆಯುತ್ತದೆಂದು ಅತ್ತೆಯೇ ಮುಚ್ಚಿದ್ದರು. ಬಾಗಿಲಿಗೆ ಒಳಗಿನಿಂದ ಅಗುಳಿ. ಕೂಗಿದೆವು, ತಟ್ಟಿದೆವು. ಕೊನೆಗೆ ಇವರು ಕಿಟಕಿಯ ಹಲಗೆ ಒಡೆದು ಒಳಗೆ ಇಳಿದರು. ಅತ್ತೆ ಗೋಡೆಗೆ ಒರಗಿ ಕೂತಿದ್ದರು, ಮೊಣಕಾಲ ಮೇಲೆ ಕಂಬಳಿ ಹೊದ್ದುಕೊಂಡು. ಪಕ್ಕದ ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಇನ್ನೂ ಬೂದಿಯೊಳಗೆ ಕೆಂಪಗಿತ್ತು. ಮುಖದಲ್ಲಿ ನೋವಿನ ಗುರುತೇ ಇರಲಿಲ್ಲ. ನಿದ್ದೆ ಹೋಗಿದ್ದಾರೆಂದೇ ನಾನು ತಿಳಿದೆ. ಮುಟ್ಟಿದ ಮೇಲೆ ಗೊತ್ತಾಯಿತು.

ಯಾರೋ ಓಡಿ ಡಾಕ್ಟರನ್ನು ಕರೆತಂದರು. ಅವರು ಅಗ್ಗಿಷ್ಟಿಕೆ ನೋಡಿದರು, ಕಿಟಕಿಗಳನ್ನು ನೋಡಿದರು, ತಲೆಯೆತ್ತಿ ಮಾಳಿಗೆ ನೋಡಿದರು.

"ಮುಚ್ಚಿದ ಜಾಗದಾಗ ಇದ್ದಿಲು ಉರಿಸಿದ್ರ ಹಿಂಗ ಆಗ್ತತ್ರಿ. ಆ ವಿಷಗಾಳಿ ಕಣ್ಣಿಗೆ ಕಾಣಂಗಿಲ್ಲ. ನಿದ್ದಿ ಬಂದಂಗಾಗಿ ಹೋಗಿಬಿಡ್ತಾರ. ಮ್ಯಾಲ ಗಾಳಿ ಹೋಗಾಕ ದಾರಿ ಇರಲಿಲ್ಲೇನು?"

"ಇತ್ರಿ," ಎಂದರು ನನ್ನವರು. "ನಾನ ಮುಚ್ಚೀನಿ."

ಪರ ಊರು, ನಮ್ಮವರೆಂಬವರು ಅಲ್ಲಿ ಯಾರೂ ಇಲ್ಲ. ಮಣ್ಣು ಮಾಡುವುದೆಲ್ಲಿ ಎಂದು ನಾನು ದಿಕ್ಕುತೋಚದೆ ಕೂತಾಗ, ಫೋಟೋ ತೆಗೆಸಿಕೊಂಡ ಆ ರೈತರೇ ಬಂದರು. "ನನ್ನ ಹೊಲದ ಮೂಲಿಯಾಗ ಜಾಗ ಕೊಡ್ತೀನಿ ತಾಯಿ. ನಮ್ಮ ಹಿರೇರು ಅದಾರ ಅಲ್ಲಿ. ಅವರ ಜೋಡಿ ಇರ್ಲಿ," ಎಂದರು. ಊರಿನ ಅಯ್ಯನವರನ್ನು ಅವರೇ ಕರೆಸಿದರು. ಅತ್ತೆಯನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಪತ್ರಿ ಹಾಕಿ ಮಣ್ಣು ಕೊಟ್ಟೆವು. ನನ್ನವರು ಅಳಲಿಲ್ಲ. ಹೇಳಿದ್ದನ್ನೆಲ್ಲ ಮಾಡಿದರು, ಅಷ್ಟೇ.

ಹೊಸಪೇಟೆಗೆ ಬಂದು ಸ್ಟೇಷನ್ನಿನ ಹತ್ತಿರದ ಬಯಲಲ್ಲಿ ಗಾಡಿ ನಿಲ್ಲಿಸಿದೆವು. ಅಲ್ಲಿಂದ ಮುಂದೆ ಅವರು ಒಳಗೆ ಕಾಲಿಡಲಿಲ್ಲ. ಬೇವಿನ ಮರದ ಕೆಳಗೆ ಚಾಪೆ ಹಾಸಿಕೊಂಡರು. ಮಳೆ ಬಂದರೆ ಗಾಡಿಯ ಕೆಳಗೆ ಹೋಗಿ ಕೂರುತ್ತಿದ್ದರು. ನಾನೂ ಹೊರಗೇ ಅಡಿಗೆ ಮಾಡುತ್ತಿದ್ದೆ. ಫೋಟೋ ಕೇಳಿಕೊಂಡು ಬಂದವರಿಗೆ, "ಕ್ಯಾಮೆರಾ ಕೆಟ್ಟೈತಿ," ಎಂದು ಹೇಳಿ ಕಳಿಸುತ್ತಿದ್ದರು.

ಒಂದು ದಿನ ಉಣ್ಣುತ್ತ ಕೂತವರು, ತಟ್ಟೆಯಿಂದ ಕಣ್ಣೆತ್ತದೆ, "ಇದನ್ನ ಮಾರಿಬಿಡೋಣು," ಎಂದರು.

ನಾನು ಆ ಮಾತನ್ನು ನಿರೀಕ್ಷಿಸಿದ್ದೆ. ಆದರೂ ಅದನ್ನು ಕೇಳಿದಾಗ ಬೇರೊಂದು ಯೋಚನೆ ಬಂತು.

"ಮಾರ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಆ ಕಿಂಡಿ ತಗದು ಮಾರಬೇಕು. ತಗೊಂಡವರು ಅದರಾಗ ಮಕ್ಕಳನ್ನ ಮಲಗಿಸ್ತಾರ."

ಅವರ ಕೈ ತಟ್ಟೆಯಲ್ಲೇ ನಿಂತಿತು. "ನನ್ನ ಕೈಲಿ ಆಗಂಗಿಲ್ಲ," ಎಂದರು.

"ನಾ ತಗೀತೀನಿ," ಎಂದೆ.

ಮಾರನೆಯ ಬೆಳಿಗ್ಗೆ ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಂಡು, ಉಳಿ, ಸುತ್ತಿಗೆ, ಇಕ್ಕಳ ತೆಗೆದುಕೊಂಡು ಏಣಿ ಹತ್ತಿದೆ. ಸ್ಟೇಷನ್ನಿಗೆ ಹೋಗುವವರು ನಿಂತು ನೋಡಿದರು. ಗಂಡಸು ಮರದ ಕೆಳಗೆ ಕೂತಿದ್ದಾನೆ, ಹೆಂಗಸು ಮಾಳಿಗೆ ಹತ್ತಿದ್ದಾಳೆ ಎಂದು ಒಬ್ಬರು ಗಟ್ಟಿಯಾಗಿಯೇ ಆಡಿಕೊಂಡರು. ಇವರಿಗೂ ಅದು ಕೇಳಿಸಿರಬೇಕು. ನಾನು ಬೆನ್ನು ತಿರುಗಿಸಿ ಕೆಲಸಕ್ಕೆ ಕೂತೆ. ಡಾಂಬರು ಕಲ್ಲಾಗಿತ್ತು. ಉಳಿಯಿಂದ ಚೂರು ಚೂರೇ ಎಬ್ಬಿಸಿ, ಮೊಳೆಗಳನ್ನು ಇಕ್ಕಳದಲ್ಲಿ ಹಿಡಿದು ಜಗ್ಗಿದೆ. ಎರಡು ತಗಡು ಬಿಚ್ಚುವಷ್ಟರಲ್ಲಿ ಅಂಗೈ ತುಂಬ ಬೊಬ್ಬೆ ಎದ್ದಿದ್ದವು.

ಕಿಂಡಿಯ ಸುತ್ತಲಿನ ಹಲಗೆ ನೋಡಿದೆ. ಒಣಗಿತ್ತು. ನೀರು ಕುಡಿದ ಕಲೆಯೇ ಇಲ್ಲ. ಇನ್ನೊಂದು ಕಿಂಡಿಯದೂ ಹಾಗೆಯೇ. ಕ್ಯಾನ್ವಾಸನ್ನು ಅಂಚಿನಿಂದ ಎತ್ತುತ್ತ ಎತ್ತುತ್ತ ಮುಂದಕ್ಕೆ ಹೋದೆ. ಮುಂಭಾಗದಲ್ಲಿ, ಬಸ್ಸು ಓಡುತ್ತಿದ್ದ ಕಾಲದಲ್ಲಿ ಪ್ರಯಾಣಿಕರ ಗಂಟುಮೂಟೆ ಕಟ್ಟಲು ಕಬ್ಬಿಣದ ಸರಳುಗಳನ್ನು ಬೋಲ್ಟು ಹಾಕಿ ಕೂರಿಸಿದ್ದ ಕಡೆ, ಹಲಗೆ ಕಪ್ಪಾಗಿ ಕೊಳೆತು ಬೆರಳಿಗೆ ಪುಡಿಪುಡಿಯಾಗಿ ಬಂತು. ನೀರು ಇಳಿದದ್ದು ಬೋಲ್ಟಿನ ತೂತುಗಳಲ್ಲಿ. ಹಲಗೆಯ ಸಂದು ಹಿಡಿದು ಹರಿದು ಬಂದು ಕಿಂಡಿಗಳ ಹತ್ತಿರ ತೊಟ್ಟಿಕ್ಕಿತ್ತು.

ಇದನ್ನು ಅವರಿಗೆ ಹೇಳುವುದೋ ಬಿಡುವುದೋ ಎಂದು ಕೂತಿದ್ದೆ. ಏಣಿ ಅಲುಗಿದ ಸದ್ದಾಯಿತು. ಅವರೇ ಹತ್ತಿ ಬರುತ್ತಿದ್ದರು. ಬಂದು ನನ್ನ ಪಕ್ಕ ಮಂಡಿಯೂರಿ, ಕೊಳೆತ ಹಲಗೆಯಲ್ಲಿ ಬೆರಳಿಟ್ಟರು. ಅಲ್ಲಿಂದ ನೀರಿನ ಕಲೆ ಹಿಡಿದು ಬೆರಳನ್ನು ಹಿಂದಕ್ಕೆ ಎಳೆಯುತ್ತ ಬಂದು ಕಿಂಡಿಗೆ ಗೇಣು ದೂರದಲ್ಲಿ ನಿಲ್ಲಿಸಿದರು.

"ಸೋರಿದ್ದು ಇಲ್ಲಿ."

"ಹೌದ್ರಿ."

"ಕಿಂಡ್ಯಾಗಲ್ಲ."

ಪಕ್ಕದಲ್ಲಿ ಬಿದ್ದಿದ್ದ ತಗಡುಗಳ ಕಡೆ ನೋಡಿದರು.

"ಸುಮ್ಮಸುಮ್ಮನ ಮುಚ್ಚಿದ್ನಲ್ಲ," ಎಂದವರೇ ಆ ಬಿಸಿಲಲ್ಲಿ, ದಾರಿಹೋಕರೆಲ್ಲ ನೋಡುತ್ತಿದ್ದ ಹಾಗೇ, ಅವ್ವಾ ಎಂದು ಕೂಗಿ ಅತ್ತರು. ಸಂಡೂರಿನಲ್ಲಿ ಅಳದಿದ್ದುದನ್ನೆಲ್ಲ ಅಲ್ಲಿ ಅತ್ತರು. ನಾನು ಅವರ ಭುಜ ಹಿಡಿದು ಕೂತೆ. ಮೊದಲು ಆಡಿಕೊಂಡಿದ್ದವರು ಕೂಡ ತಲೆ ತಗ್ಗಿಸಿ ಮುಂದೆ ಹೋದರು.

ಅವತ್ತು ಮತ್ತೇನೂ ಕೆಲಸ ಆಗಲಿಲ್ಲ. ಮಾರನೆಯ ದಿನ ನನಗಿಂತ ಮೊದಲೇ ಅವರು ಮೇಲಿದ್ದರು. ಹಳೆಯ ಕ್ಯಾನ್ವಾಸನ್ನು ಪೂರ್ತಿ ಸುಲಿದು ಹಾಕಿದೆವು. ಸರಳುಗಳನ್ನು ಬಿಚ್ಚಿ, ಕೊಳೆತ ಹಲಗೆ ಕತ್ತರಿಸಿ ಹೊಸದು ಜೋಡಿಸಿದೆವು. ರಾಳವನ್ನು ಅಗಸೆ ಎಣ್ಣೆಯಲ್ಲಿ ಕಾಯಿಸಿ, ಸೀಮೆಸುಣ್ಣದ ಪುಡಿ ಕಲಸಿ, ಅಂಟಿನ ಹದಕ್ಕೆ ತಂದು, ಬಿಸಿ ಆರುವ ಮೊದಲೇ ಪ್ರತಿ ಸಂದಿಗೂ ಪ್ರತಿ ತೂತಿಗೂ ತುಂಬಿದೆವು. ಕೈ ಸುಟ್ಟರೂ ನಿಲ್ಲಿಸುವಂತಿರಲಿಲ್ಲ. ಅದರ ಮೇಲೆ ಹೊಸ ಕ್ಯಾನ್ವಾಸನ್ನು ಹಸಿ ಬಣ್ಣದ ಮೇಲೆಯೇ ಎಳೆದು ಹಾಸಿ, ಸುಕ್ಕು ಬೀಳದಂತೆ ಅಂಗೈಯಿಂದ ಒತ್ತುತ್ತ, ಅಂಚಿಗೆ ಮೊಳೆ ಹೊಡೆದೆವು. ಒಂದು ಸಲ ಬಳಿದ ಬಣ್ಣ ಒಣಗಿದ ಮೇಲೆ ಇನ್ನೊಂದು ಸಲ. ಮೋಡ ಕಂಡರೆ ತಾಡಪಾಲು ಹೊದಿಸಿ ಕಾಯುವುದು. ಕೆಲಸದ ಮಾತು ಬಿಟ್ಟು ಬೇರೆ ಮಾತು ನಮ್ಮ ನಡುವೆ ಆ ದಿನಗಳಲ್ಲಿ ಕಡಿಮೆ. ಆದರೆ ಅದು ಮರದ ಕೆಳಗಿನ ಮೌನದಂತೆ ಇರಲಿಲ್ಲ.

ಕಿಂಡಿಗಳ ಟೋಪಿ ಮಾತ್ರ ಕಷ್ಟವಾಯಿತು. ಗಾಳಿ ಬರಬೇಕು, ಮಳೆ ಬರಬಾರದು, ಕತ್ತಲೆ ಕೋಣೆಗೆ ಬೆಳಕೂ ಬರಬಾರದು. ಸೀಮೆಎಣ್ಣೆ ಡಬ್ಬಿಗಳನ್ನು ಕತ್ತರಿಸಿ, ಕೊಳವೆಯನ್ನು ಆನೆಯ ಸೊಂಡಿಲಿನ ಹಾಗೆ ಬಗ್ಗಿಸಿ, ಒಳಗೆಲ್ಲ ಮಸಿ ಬಳಿದೆವು. ಮೊದಲು ಮಾಡಿದ್ದರಲ್ಲಿ ಬೆಳಕು ನುಸುಳಿತು. ಇನ್ನೊಂದು ತಿರುವು ಕೊಟ್ಟು ಮತ್ತೆ ಮಾಡಿದೆವು. ಕೂರಿಸಿದ ಮೇಲೆ ನಾನು ಕಿಟಕಿ ಬಾಗಿಲು ಮುಚ್ಚಿಕೊಂಡು ಒಳಗೆ ಕೂತು ಊದುಬತ್ತಿ ಹಚ್ಚಿದೆ. ಸುತ್ತ ಕಗ್ಗತ್ತಲು. ಮೇಲೆ ಅವರು ಬೋರಲು ಮಲಗಿ ಕೊಳವೆಯ ಬಾಯಿಗೆ ಮುಖವಿಟ್ಟುಕೊಂಡಿದ್ದರು.

"ಬಂತೇನ್ರಿ?" ಎಂದು ಕೂಗಿದೆ.

ಮತ್ತೆ ಕೂಗಿದೆ.

"ಬಂತು," ಎಂದರು. "ಹೊಗಿ ಬಂತು. ನೀ ಬಾಗಲಾ ತಗಿ. ಜಲ್ದಿ ತಗಿ."

ತೆಗೆದಾಗ ಅವರು ಆಗಲೇ ಏಣಿ ಇಳಿದು ಬಾಗಿಲ ಮುಂದೆ ನಿಂತಿದ್ದರು. ನನ್ನನ್ನು ಕಣ್ಣಾರೆ ನೋಡಿ, ಉಸಿರು ಬಿಟ್ಟು, ಹೊಸಪೇಟೆಗೆ ಬಂದ ಮೇಲೆ ಮೊದಲ ಸಲ ಒಳಗೆ ಬಂದರು. ಅತ್ತೆ ಕೂತಿದ್ದ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತರು. ಮಾರುವ ಮಾತು ಮತ್ತೆ ಬರಲಿಲ್ಲ.

ಆ ಕತ್ತಲೆ ಕೋಣೆಯಲ್ಲಿ ನಾವು ಮೊದಲು ತೊಳೆದದ್ದು ಸಂಡೂರಿನ ರೈತರ ಮನೆಯವರ ಪ್ಲೇಟನ್ನು. ಅದು ಹಾಗೇ ಉಳಿದಿತ್ತು. ಕೆಂಪು ದೀಪದಲ್ಲಿ ಮುಖಗಳು ಒಂದೊಂದಾಗಿ ಮೂಡಿ ಬರುವಾಗ, ನಾವು ಇದನ್ನು ತೆಗೆಯುತ್ತಿದ್ದ ಗಳಿಗೆಯಲ್ಲಿ ಅತ್ತೆ ಇನ್ನೂ ಇದ್ದರೋ ಇಲ್ಲವೋ ಎಂದು ನಾನು ಯೋಚಿಸಿದೆ, ಅವರೂ ಅದನ್ನೇ ಯೋಚಿಸಿರಬೇಕು. ಫೋಟೋ ಕೊಡಲು ಹೋದಾಗ ರೈತರು ನಮ್ಮನ್ನು ಹೊಲದ ಮೂಲೆಗೆ ಕರೆದುಕೊಂಡು ಹೋದರು. ಮಣ್ಣು ಕುಸಿಯದ ಹಾಗೆ ಸುತ್ತ ಕಲ್ಲು ಜೋಡಿಸಿದ್ದರು.

ಹಂಪಿ ಬಜಾರಿನಲ್ಲಿ, ಕಲ್ಲುಮಂಟಪಗಳ ಎದುರು ಗಾಡಿ ನಿಲ್ಲಿಸಿದ್ದಾಗ ಹಿಂಗಾರಿನ ಜೋರು ಮಳೆ ಬಂತು. ಮಾಳಿಗೆ ಒಂದು ಹನಿಯೂ ಸೋರಲಿಲ್ಲ. ಅವರು ಬಾಗಿಲನ್ನು ಅರ್ಧ ತೆರೆದೇ ಕೂತಿದ್ದರು. ಇರಚಲು ಬಂದು ಚಾಪೆ ನೆನೆಯಿತು. ನೆನೆಯಲಿ ಎಂದು ಬಿಟ್ಟೆ.

ಅದೇ ವರ್ಷದ ಚಳಿಗಾಲದಲ್ಲಿ ಕಂಪ್ಲಿಯ ಒಂದು ಮನೆಯಿಂದ ಕರೆ ಬಂತು. ಹೆರಿಗೆಯಾಗಿತ್ತು, ಆ ಖುಷಿಗೆ ಮಗುವಿನ ಅಜ್ಜ ತಮ್ಮ ಫೋಟೋ ತೆಗೆಸಬೇಕೆಂದಿದ್ದರು. ಪಡಸಾಲೆಯಲ್ಲಿ ಕ್ಯಾಮೆರಾ ಹೂಡುತ್ತಿರುವಾಗ ಮನೆಯ ಹಿರಿಯ ಹೆಂಗಸು ಅಗ್ಗಿಷ್ಟಿಕೆಗೆ ಮತ್ತೆ ಕೆಂಡ ತುಂಬಿಕೊಂಡು ಬಾಣಂತಿಯ ಕೋಣೆಗೆ ಹೋಗಿ, ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಗಾಳಿ ಆಡದಂತೆ ಬಾಗಿಲ ಸಂದಿಗೆ ಗೋಣಿ ತುರುಕಿದರು. ನನ್ನವರು ಕ್ಯಾಮೆರಾ ಬಿಟ್ಟು ಬಾಗಿಲ ಕಡೆ ಬಂದರು.

"ಅವ್ವಾರ, ಆ ಬಾಗಲಾ ತಗೀರಿ," ಎಂದರು.

"ಹಸಿ ಬಾಣಂತಿ ಕೋಣಿ ಬಾಗಲಾ ತಗಿ ಅಂತಿಯಲ್ಲೋ, ನಾಚಿಕಿ ಆಗಂಗಿಲ್ಲೇನು?" ಎಂದು ಆಕೆ ರೇಗಿದರು. ಮನೆಯ ಗಂಡಸರು ಎದ್ದು ನಿಂತರು. ನಾನು ಮುಂದೆ ಹೋಗುವಷ್ಟರಲ್ಲಿ ಇವರು ನೆಲದ ಮೇಲೆ ಕೂತು ಕೈ ಮುಗಿದುಬಿಟ್ಟರು.

"ನಾ ನೋಡಂಗಿಲ್ರಿ, ಹೊರಗ ಹೋಗ್ತೀನಿ. ನೀವ ತಗೀರಿ. ನಮ್ಮವ್ವ ಹಿಂಗ ಹೋದ್ಲು. ಗಾಳಿಕಿಂಡಿ ನಾ ಮುಚ್ಚಿದ್ದೆ."

ಆ ಮಾತನ್ನು ಡಾಕ್ಟರನ್ನು ಬಿಟ್ಟು ಹೊರಗಿನವರಾರ ಎದುರೂ ಅವರು ಆಡಿರಲಿಲ್ಲ. ಆಮೇಲೆ ಸಂಡೂರಿನದನ್ನೆಲ್ಲ ಒಂದೊಂದೇ ಹೇಳಿದರು. ಆ ಹಿರಿಯ ಹೆಂಗಸು ಗೋಣಿ ಹಿಡಿದುಕೊಂಡೇ ಕೇಳಿದರು. ಕೇಳಿ, ಬಾಗಿಲು ತೆರೆದರು. ಒಳಗೆ ಹೋಗಿ ಅಗ್ಗಿಷ್ಟಿಕೆಯನ್ನು ಎತ್ತಿಕೊಂಡು ಬಂದು ಅಂಗಳದಲ್ಲಿಟ್ಟರು. "ಮುಂಜಾನಿಂದ ತಲಿ ಭಾಳ ನೋಯಾಕತ್ತಿತ್ತವ್ವಾ," ಎಂದು ಬಾಣಂತಿ ಒಳಗಿನಿಂದ ಹೇಳಿದ್ದು ನಮಗೆಲ್ಲ ಕೇಳಿಸಿತು. ಕೂಸು ಅಳತೊಡಗಿತು.

ಆ ಹೆಂಗಸು ಬಂದು ನನ್ನವರ ಎದುರು ಕೂತರು. "ಏಳಪಾ," ಎಂದರು. "ಏಳು. ಒಂದೀಟು ಹಾಲು ಕುಡಿ."