ಟೆಲಿಫೋನ್ ಕಾಕಾ ಬಿಚ್ಚಿದ ರೂಟರ್

ಮೊನ್ನೆ ರಾಣೆಬೆನ್ನೂರಿನ ಮೊಬೈಲ್ ಅಂಗಡಿಯೊಂದರಲ್ಲಿ ಬೆಸುಗೆ ಹಾಕುತ್ತಿದ್ದರು. ಕಾದ ಸೀಸ, ಸುಟ್ಟ ರಾಳ… ಆ ವಾಸನೆ ಮೂಗಿಗೆ ಬಡಿದದ್ದೇ ಹಾವೇರಿಯ ಹಳೆಯ ಓಣಿಯೂ ಪಕ್ಕದ ಮನೆಯ ಕಾಕಾನೂ ಕಣ್ಣೆದುರು ಬಂದರು. ಬಂದ ಕೆಲಸ ಮರೆತು ನಿಂತುಬಿಟ್ಟೆ.

ಕಾಕಾ ಟೆಲಿಫೋನ್ ಲೈನ್‌ಮನ್ ಆಗಿ ನಿವೃತ್ತರಾದವರು. ಓಣಿಯಲ್ಲಿ ಯಾರ ಮನೆಯ ಇಂಟರ್‌ನೆಟ್ ರೂಟರ್ ಕೆಟ್ಟರೂ ಅವರ ಕಟ್ಟೆಗೆ ಬರುತ್ತಿತ್ತು. ಅವರ ಹೆಂಡತಿ ಕಾಕು ಬ್ಯಾಡಗಿಯವರು, ಬಾಯಿ ಜೋರು. "ಮನಿ ತುಂಬಾ ಬರೇ ವೈರು! ಕಸಾ ಹೆಂಗ ಹೊಡೀಲಿ?" ಎಂದು ಗೊಣಗುತ್ತಲೇ ಬಂದವರಿಗೆಲ್ಲ ಚಹಾ ಕೊಡುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ. ಶಾಲೆಯ ಕೆಲಸಕ್ಕೆಂದು ಬಂದು ಪಕ್ಕದಲ್ಲಿ ಬಾಡಿಗೆಗಿದ್ದ ನನ್ನನ್ನು ಮಗಳಂತೆ ಕಂಡರು.

ಕೊರೋನಾ ಬಂದಾಗ ಕಾಕು ಹುಬ್ಬಳ್ಳಿಯ ಆಸ್ಪತ್ರೆ ಸೇರಿದರು. ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಮಧ್ಯಾಹ್ನ ನಾವು ವಿಡಿಯೋ ಕಾಲ್ ಹಚ್ಚಿದರೆ ನರ್ಸ್ ಫೋನ್ ಹಿಡಿದು ಮುಖ ತೋರಿಸುತ್ತಿದ್ದಳು, ಅಷ್ಟೇ. ಓಣಿಯಲ್ಲಿ ಮೊಬೈಲ್ ಸಿಗ್ನಲ್ ಅಷ್ಟಕ್ಕಷ್ಟೆ. ಕಾಕಾನ ಹಳೆಯ ರೂಟರ್ ಮಾತಿನ ನಡುವೆಯೇ ಆರಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಹೊಸದು ತರೋಣವೆಂದರೆ ಅಂಗಡಿಗಳೆಲ್ಲ ಮುಚ್ಚಿದ್ದವು.

ಕಾಕಾ ಮೊದಲು ಅಡಾಪ್ಟರ್ ಬದಲಿಸಿ ನೋಡಿದರು. ಆಗಲಿಲ್ಲ. ಬಿಚ್ಚಿದರೆ ಒಳಗೆ ಕರೆಂಟು ಹಿಡಿದಿಡುವ ಒಂದು ಕೆಪಾಸಿಟರ್‌ನ ತಲೆ ಉಬ್ಬಿತ್ತು. "ನೋಡವಾ, ಲೈಟೇನೋ ಹತ್ತತಾವ. ವಿಡಿಯೋ ಶುರುವಾಗಿ ಭಾರ ಬಿತ್ತಂದ್ರ ಇದು ತಡಕೊಳ್ಳಂಗಿಲ್ಲ," ಎಂದರು. ಹಳೆಯ ಸೆಟ್‌ಟಾಪ್ ಬಾಕ್ಸಿನಿಂದ ಅಂಥದೇ ಒಂದನ್ನು ಕಿತ್ತು ಬೆಸೆದರು.

ಅಂದು ಕಾಲ್ ಕಡಿಯಲಿಲ್ಲ. ಮಾಸ್ಕ್ ಸರಿಸಿ ಕಾಕು ಕೇಳಿದ್ದು, "ಮಾಳಿಗಿ ಮ್ಯಾಲಿನ ಮೆಣಸಿನಕಾಯಿ ಒಳಗ ತಂದೀರೇನ್ರಿ?"

"ತಂದೇನಿ. ನೀ ಲಗೂ ಬಾ."

ತಂದಿರಲಿಲ್ಲ. ಕಾಲ್ ಮುಗಿದದ್ದೇ ಕಾಕಾ ಮಾಳಿಗೆಗೆ ಓಡಿದರು…

ಮರುದಿನ ಎಷ್ಟು ಸಲ ಹಚ್ಚಿದರೂ ಅತ್ತ ಯಾರೂ ಎತ್ತಲಿಲ್ಲ. "ಮತ್ತ ಕೆಟ್ಟೈತಿ ಇದು," ಎಂದು ಕಾಕಾ ರೂಟರ್ ಬಿಚ್ಚಿ ಕುಳಿತರು. ಕ್ಷಣದ ಹಿಂದಷ್ಟೇ ಅದರಿಂದಲೇ ನನ್ನ ಫೋನಿಗೆ ಮೆಸೇಜು ಬಂದಿತ್ತು. ರೂಟರ್ ಕೆಟ್ಟಿಲ್ಲವೆಂದು ನನಗೆ ಗೊತ್ತಿತ್ತು. ಗಟ್ಟಿಯಾಗಿದ್ದ ಬೆಸುಗೆಗಳನ್ನೇ ಅವರು ಮತ್ತೆ ಮತ್ತೆ ಕಾಯಿಸುತ್ತಿದ್ದರು. "ಎಲ್ಲೋ ಇರತೈತಿ. ಸಿಗತೈತಿ."

ಕೊನೆಗೆ ಆಸ್ಪತ್ರೆಯಿಂದಲೇ ಫೋನ್ ಬಂತು. ಅವರು ಬಾಯಿ ತೆರೆಯುವ ಮೊದಲೇ ಕಾಕಾ, "ತಪ್ಪ ತಿಳಕೋಬ್ಯಾಡ್ರಿ, ನಮ್ಮ ರೂಟರ್ ಕೆಟ್ಟೈತಿ. ಈಗ ಹಚ್ಚತೇನಿ ಅಂತ ಆಕಿಗೆ ಹೇಳ್ರಿ," ಎಂದರು. ಕಾಕು ಅಂದು ಬೆಳಿಗ್ಗೆಯೇ ತೀರಿಕೊಂಡಿದ್ದರು…

ಮುಂದೆ ಅವರು ಯಾರ ರೂಟರನ್ನೂ ಮುಟ್ಟಲಿಲ್ಲ. ತಂದವರಿಗೆ, "ನನಗ ತಿಳಿಯಂಗಿಲ್ಲಪಾ ಈಗ," ಎಂದು ಹೇಳಿ ಕಳಿಸುತ್ತಿದ್ದರು. ನನಗೆ ರಾಣೆಬೆನ್ನೂರಿಗೆ ವರ್ಗವಾಯಿತು. ಹೋದ ವರ್ಷ ಕಾಕಾ ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ಮಣ್ಣು ಆಗಿಹೋಗಿತ್ತು.

ಈಗಲೂ ಆಗಾಗ ಹಾವೇರಿಗೆ ಹೋಗುತ್ತೇನೆ. ಕೆಲಸ ಮುಗಿದರೆ ನೇರ ಬಸ್‌ಸ್ಟ್ಯಾಂಡು. ಆ ಓಣಿಯಲ್ಲಿ, "ಯಾವಾಗ ಬಂದಿ ಯವ್ವಾ?" ಎಂದು ಕೇಳುವವರು ನನಗೆ ಯಾರೂ ಉಳಿದಿಲ್ಲ.